ಸಿಗಡಿ ಜೋಡಿಯ ಸರದಿ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನನ್ನ ಗಂಡ ಹೇಳುತ್ತಾನೆ. ಹೇಳಲಿ. ಅವನು ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಮೇಲೆ ಕೆಳಗೆ ಓಡಾಡಿ ಮನೆ ಸೇರುವ ಹೊತ್ತಿಗೆ ಅವನಲ್ಲಿ ಕೋಪಿಸಿಕೊಳ್ಳುವಷ್ಟು ತ್ರಾಣ ಉಳಿದಿರುವುದಿಲ್ಲ. ನಾನು ಹಲ್ಲಿನ ಲ್ಯಾಬಿನಲ್ಲಿ ಕೂತು ಕೆಲಸ ಮಾಡುವವಳು. ಡಾಕ್ಟರುಗಳು ಕಳಿಸುವ ಅಚ್ಚು ನೋಡಿಕೊಂಡು ಕಟ್ಟುಹಲ್ಲಿನ ಸೆಟ್ಟು ಮಾಡುತ್ತೇನೆ. ಒಂದು ಹಲ್ಲು ಕೂದಲೆಳೆಯಷ್ಟು ಎತ್ತರವಾದರೂ ಸಾಕು, ಹಾಕಿಕೊಂಡವರು ಪ್ರತಿ ತುತ್ತಿಗೂ ನನಗೆ ಶಾಪ ಹಾಕುತ್ತಾರೆ. ಇಪ್ಪತ್ತು ವರ್ಷ ಹೀಗೆ ಸಣ್ಣ ಸಣ್ಣ ತಪ್ಪು ಹುಡುಕಿ ನನ್ನ ಕಣ್ಣೇನೂ ಕೆಟ್ಟಿಲ್ಲ, ಸ್ವಭಾವ ಕೆಟ್ಟಿದೆ.

ನಡುಮನೆಯಲ್ಲಿ ಗೋಡೆಗೆ ತಾಗಿದಂತೆ ನನ್ನ ಉಪ್ಪುನೀರಿನ ಟ್ಯಾಂಕ್ ಇದೆ. ನಾಲ್ಕು ಅಡಿ ಉದ್ದ. ಒಳಗೆ ಕಲ್ಲು, ಕಲ್ಲಿನ ಮೇಲೆ ಹವಳ, ಮೂರು ಮೀನು. ಬಂದವರೆಲ್ಲ ಮೀನು ನೋಡಿ ಹೋಗುತ್ತಾರೆ. ಆದರೆ ಟ್ಯಾಂಕಿನ ಸಂಸಾರ ನಡೆಸುವವರು ಬೇರೆಯೇ ಇದ್ದಾರೆ. ಬಸವನಹುಳು ಗಾಜಿನ ಪಾಚಿ ಕೆರೆಯಬೇಕು, ಮುಳ್ಳುಹುಳು ಮರಳಿನಡಿಯ ಕೊಳೆ ತಿನ್ನಬೇಕು, ಚಿಗಟದಷ್ಟೇ ಇರುವ ಇನ್ನೇನೇನೋ ಹುಳಗಳು ಮಿಕ್ಕಿದ್ದು ಮುಗಿಸಬೇಕು. ಇವುಗಳಲ್ಲಿ ಯಾವುದು ಕಡಿಮೆಯಾದರೂ ನೀರು ಕೆಡುತ್ತದೆ, ಯಾವುದು ಹೆಚ್ಚಾದರೂ ತಲೆನೋವು. ನಾವು ದುಡ್ಡು ಕೊಟ್ಟು ತಂದಿದ್ದು ಮೀನನ್ನಾದರೂ ದಿನಾ ಬೆಳಿಗ್ಗೆ ಎದ್ದು ಯೋಗಕ್ಷೇಮ ನೋಡುವುದು ಈ ಹುಳಗಳದ್ದು.

ನನ್ನ ತಲೆನೋವಿನ ಹೆಸರು ಚುಕ್ಕಿ. ಚುಕ್ಕಿಯೆಂದರೆ ಪುಟ್ಟ ನಕ್ಷತ್ರಮೀನು. ಎಳ್ಳಿನಿಂದ ಹಿಡಿದು ಉದ್ದಿನಕಾಳಿನ ಗಾತ್ರದವರೆಗೆ ಬೆಳೆಯುತ್ತದೆ. ಯಾವುದೋ ಹವಳದ ಬುಡಕ್ಕೆ ಅಂಟಿಕೊಂಡು ಕರೆಯದೆ ಬರುತ್ತದೆ. ಅದಕ್ಕೆ ಗಂಡೂ ಬೇಡ ಹೆಣ್ಣೂ ಬೇಡ. ತನ್ನ ಮೈಯನ್ನೇ ಹರಿದುಕೊಂಡು ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ನಾಲ್ಕಿದ್ದಾಗ ಮುದ್ದು ಬಂದಿತ್ತು. ನಾನೂರಾದಾಗ ಅವು ನನ್ನ ಗುಂಡಿಹವಳದ ಮೇಲೆ ಏರಿ ಕೂತು, ಅಂಗಿಯ ಗುಂಡಿಯಷ್ಟಗಲ ಅರಳಿಕೊಂಡಿದ್ದ ಹವಳಗಳು ಒಂದೊಂದಾಗಿ ಬಾಯಿ ಮುಚ್ಚತೊಡಗಿದವು.

ನಮ್ಮದು ನಾಲ್ಕು ಮನೆಗಳ ಗುಂಪು. ಒಬ್ಬ ಎಲೆಕ್ಟ್ರಿಷಿಯನ್, ಒಬ್ಬರು ಡ್ರಾಯಿಂಗ್ ಮೇಷ್ಟ್ರು, ನಾನು, ಮತ್ತು ಉಪ್ಪಿನಕ್ಕ. ಉಪ್ಪುನೀರನ್ನು ಅಳತೆಗೋಲು ಮುಟ್ಟದೆ ಹದವಾಗಿ ಬೆರೆಸುತ್ತಾಳೆಂದು ಅವಳಿಗೆ ಆ ಹೆಸರು. ನಾಲ್ಕೂ ಮನೆಯಲ್ಲಿ ಚುಕ್ಕಿಗಳ ಕಾಟವಿತ್ತು, ಏಕೆಂದರೆ ನಾವು ಹವಳದ ತುಂಡುಗಳನ್ನು ಒಬ್ಬರಿಗೊಬ್ಬರು ಹಂಚಿಕೊಳ್ಳುತ್ತಿದ್ದೆವು. ನಾಲ್ಕೂ ಮನೆಗೆ ಮದ್ದು ಒಂದೇ: ದೊಡ್ಡಪ್ಪನ ಸಿಗಡಿ ಜೋಡಿ.

ದೊಡ್ಡಪ್ಪ ನಮ್ಮ ಯಾರಿಗೂ ರಕ್ತಸಂಬಂಧದಲ್ಲಿ ದೊಡ್ಡಪ್ಪನಲ್ಲ. ನಲವತ್ತು ವರ್ಷ ಒಂದು ಮಹಡಿಮೆಟ್ಟಿಲಿನ ಕೆಳಗೆ ಗಡಿಯಾರ ರಿಪೇರಿಯ ಅಂಗಡಿ ಇಟ್ಟಿದ್ದವರು. ಅಂಗಡಿಯ ಕೌಂಟರಿನ ಮೇಲೇ ಟ್ಯಾಂಕ್ ಇಟ್ಟುಕೊಂಡಿದ್ದರು. ನಮಗೆಲ್ಲ ಈ ಹುಚ್ಚು ಹಿಡಿಸಿದವರು ಅವರೇ. ಎರಡು ವರ್ಷದ ಹಿಂದೆ ಅಂಗಡಿ ಮುಚ್ಚಿ ಮಗಳ ಮನೆ ಸೇರಿದರು. ಮಗಳು ಒಳ್ಳೆಯವಳು, ಅಳಿಯನೂ ಒಳ್ಳೆಯವನು, ಆದರೆ ಎರಡು ಕೋಣೆಯ ಮನೆಯಲ್ಲಿ ಐದು ಜನ. ಟ್ಯಾಂಕಿಗೆ ಜಾಗವಿರಲಿಲ್ಲ. ಹವಳ, ಮೀನು, ಕಲ್ಲು, ಪಂಪು ಎಲ್ಲವನ್ನೂ ನಮಗೆ ಹಂಚಿಬಿಟ್ಟು ಒಂದು ಜೋಡಿ ಹಾರ್ಲೆಕ್ವಿನ್ ಸಿಗಡಿಯನ್ನು ಮಾತ್ರ ತಮ್ಮದೆಂದು ಉಳಿಸಿಕೊಂಡರು.

ಈ ಸಿಗಡಿ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಬಿಳಿ ಮೈ, ಮೈಮೇಲೆ ನೀಲಿ ಅಂಚಿನ ಮಚ್ಚೆ, ಮುಂದೆ ಚಪ್ಪಟೆಯಾದ ಎರಡು ಕೊಂಬುಗೈ. ನಕ್ಷತ್ರಮೀನನ್ನು ಬಿಟ್ಟು ಲೋಕದಲ್ಲಿ ಬೇರೇನನ್ನೂ ಮುಟ್ಟುವುದಿಲ್ಲ. ಗಂಡು ಹೆಣ್ಣು ಜೊತೆಯಾಗಿಯೇ ಬೇಟೆಗೆ ಹೊರಡುತ್ತವೆ. ಒಂದು ಚುಕ್ಕಿಯನ್ನು ಎತ್ತಿ ಹಿಡಿದರೆ ಇನ್ನೊಂದು ಮಗುಚುತ್ತದೆ. ಒಂದು ಟ್ಯಾಂಕನ್ನು ಖಾಲಿ ಮಾಡಲು ಅವಕ್ಕೆ ಎರಡು ತಿಂಗಳು ಸಾಕು, ಖಾಲಿಯಾದ ಮೇಲೆ ಉಪವಾಸ. ಹಾಗಾಗಿ ಸರದಿ. ಒಂದು ಮನೆಯಲ್ಲಿ ಆರು ವಾರ, ಆಮೇಲೆ ಮುಂದಿನ ಮನೆ. ಅವು ನಾಲ್ಕನೆಯ ಮನೆ ಮುಗಿಸುವ ಹೊತ್ತಿಗೆ ಮೊದಲ ಮನೆಯಲ್ಲಿ ಅಳಿದುಳಿದ ಚುಕ್ಕಿಗಳು ಮತ್ತೆ ಹರಿದು ಹರಿದು ಹೆಚ್ಚಿರುತ್ತಿದ್ದವು.

ಜೋಡಿ ಯಾವ ಮನೆಯಲ್ಲಿರುತ್ತಿತ್ತೋ ದೊಡ್ಡಪ್ಪ ಭಾನುವಾರ ಹನ್ನೊಂದಕ್ಕೆ ಆ ಮನೆಗೆ ಬರುತ್ತಿದ್ದರು. ಹನ್ನೊಂದು ಎಂದರೆ ಹನ್ನೊಂದು. ಬೆಲ್ಲಿನ ಸದ್ದಿಗೆ ನಾವು ಗಡಿಯಾರ ಸರಿಮಾಡಿಕೊಳ್ಳಬಹುದಿತ್ತು. ವಾಚಿನವರ ಭೂತಗನ್ನಡಿಯನ್ನು ಒಂದು ಕಣ್ಣಿಗೆ ಸಿಕ್ಕಿಸಿಕೊಂಡು ಗಾಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂರುವರು. ಮುಕ್ಕಾಲು ಗಂಟೆ. ಚಿಕ್ಕ ಪುಸ್ತಕದಲ್ಲಿ ಏನೋ ಗೀಚಿಕೊಳ್ಳುವರು. ಅರ್ಧ ಲೋಟ ಚಹಾ ಕುಡಿದು, ಪಂಪಿನ ಸದ್ದು ಸ್ವಲ್ಪ ಒರಟಾಗಿದೆ ಎಂದೋ, ನೀರು ಚೆನ್ನಾಗಿದೆ ಎಂದೋ ಒಂದು ಮಾತು ಹೇಳಿ ಎದ್ದು ಹೋಗುವರು.

ಇನ್ನೊಂದು ಪದ್ಧತಿಯೂ ಇತ್ತು. ಜೋಡಿಯನ್ನು ಒಪ್ಪಿಸುವ ದಿನ ನಾಲ್ಕೂ ಮನೆಯವರು ಹೊಸ ಮನೆಗೆ ಬರಬೇಕು. ಯಾರು ಶುರು ಮಾಡಿದರೋ ಗೊತ್ತಿಲ್ಲ. ಎಲ್ಲರೂ ಬರುತ್ತಿದ್ದರು, ಎಲ್ಲರೂ ಆ ಮನೆಯ ಟ್ಯಾಂಕಿಗೆ ಮೂಗು ತಾಗಿಸಿ ನೋಡುತ್ತಿದ್ದರು, ಎಲ್ಲರೂ ತಮ್ಮ ತಮ್ಮ ಮನೆಗೆ ಹೋಗಿ ಆಡಿಕೊಳ್ಳುತ್ತಿದ್ದರು.

ಎಲೆಕ್ಟ್ರಿಷಿಯನ್ ಮನೆಗೆ ಜೋಡಿ ಹೋದ ದಿನ ನಾನು ನಾಲಿಗೆ ಹರಿಬಿಟ್ಟಿದ್ದೆ. ಅವನ ಗಾಜಿನ ಮೇಲೆ ಕೈಯಿಡಲು ಜಾಗವಿಲ್ಲದಂತೆ ಚುಕ್ಕಿ. ಇದು ಟ್ಯಾಂಕೋ ಚರಂಡಿಯೋ ಎಂದು ಎಲ್ಲರ ಮುಂದೆ ಕೇಳಿದೆ. ತಮಾಷೆಗೆ ಕೇಳಿದ್ದು ಎಂದು ನಾನು ಅಂದುಕೊಂಡಿದ್ದೆ. ಅವನ ಹೆಂಡತಿಯ ಮುಖ ಮಾತ್ರ ಸಪ್ಪಗಾಯಿತು. ಅವಳು ನನಗೆ ಚಹಾ ಕೊಡುವಾಗ ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ.

ಅವನ ನಂತರದ ಸರದಿ ಉಪ್ಪಿನಕ್ಕನದು. ಅವಳು ನಾಲ್ಕು ತಿಂಗಳಿಂದ ಕಾಯುತ್ತಿದ್ದಳು. ಆದರೆ ನನ್ನ ಗುಂಡಿಹವಳ ಬಾಯಿ ಮುಚ್ಚುತ್ತಿತ್ತಲ್ಲ. ನಾನು ಗುಂಪಿಗೆ ಫೋನಿನಲ್ಲಿ ಫೋಟೋ ಕಳಿಸಿದೆ. ಬಲಗಡೆಯ ಗಾಜೊಂದರಲ್ಲೇ ನಲವತ್ತೇಳು ಚುಕ್ಕಿ, ಎಣಿಸಿ ನೋಡಿ ಎಂದೆ. ಅಕ್ಕನಿಗೆ ಬೇರೆಯಾಗಿ ಫೋನ್ ಮಾಡಿ ಗೋಗರೆದೆ. ಆಯ್ತು ಬಿಡೇ, ನನ್ನದೇನು ಓಡಿಹೋಗುತ್ತಾ ಎಂದು ಅವಳು ಸರದಿ ಬಿಟ್ಟುಕೊಟ್ಟಳು. ಎಲೆಕ್ಟ್ರಿಷಿಯನ್ ಮನೆಯಲ್ಲಿ ಚುಕ್ಕಿ ಆಗಲೇ ಮುಗಿಯುತ್ತ ಬಂದಿತ್ತು. ಜೋಡಿ ಹಸಿದಿದೆ, ಬೇಗ ಸಾಗಿಸಬೇಕು ಎಂದು ದೊಡ್ಡಪ್ಪ ಹೇಳಿದರು. ನಮ್ಮ ಮನೆಗೆ ಬಂದರೆ ಮೃಷ್ಟಾನ್ನ ಎಂದು ನಾನು ಜಂಬ ಕೊಚ್ಚಿದೆ.

ಬರುವ ದಿನಕ್ಕೆ ಇನ್ನೂ ಹನ್ನೆರಡು ದಿನವಿತ್ತು. ಆಗ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಎಲ್ಲರೂ ಬರುತ್ತಾರೆ. ಎಲೆಕ್ಟ್ರಿಷಿಯನ್ನನ ಹೆಂಡತಿಯೂ ಬರುತ್ತಾಳೆ. ಬಂದು ನನ್ನ ಗಾಜಿನ ಮುಂದೆ ನಿಲ್ಲುತ್ತಾಳೆ. ಅವಳು ಬಾಯಿ ಬಿಟ್ಟು ಏನೂ ಅನ್ನುವವಳಲ್ಲ, ಅನ್ನದೆ ನಿಲ್ಲುತ್ತಾಳೆ. ಅದನ್ನು ನೆನೆಸಿಕೊಂಡೇ ನನಗೆ ಮೈ ಉರಿಯಿತು.

ಎದುರಿನ ಗಾಜೊಂದನ್ನು ಮಾತ್ರ ಸ್ವಚ್ಛ ಮಾಡೋಣ ಎಂದು ಶುರು ಮಾಡಿದೆ. ಲ್ಯಾಬಿನಿಂದ ತಂದ ತೆಳುಮೂತಿಯ ಚಿಮಟ ಮನೆಯಲ್ಲಿತ್ತು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಅರ್ಧ ಗಂಟೆ. ಒಂದೊಂದು ಚುಕ್ಕಿಯನ್ನೂ ಹಿಡಿದು ನಲ್ಲಿನೀರಿನ ಚೊಂಬಿಗೆ ಹಾಕುವುದು; ಸಿಹಿನೀರಿನಲ್ಲಿ ಅವು ನಿಮಿಷದಲ್ಲಿ ಮುಗಿದುಹೋಗುತ್ತವೆ. ಮೊದಲ ದಿನ ಐವತ್ತಾಯಿತು. ಎದುರಿನ ಗಾಜು ಹೊಳೆಯತೊಡಗಿದ ಮೇಲೆ ಪಕ್ಕದ ಗಾಜು ಗಲೀಜಾಗಿ ಕಂಡಿತು. ಅದೂ ಆಯಿತು. ಗಾಜುಗಳಾದ ಮೇಲೆ ಕಲ್ಲು. ಒಂದು ಕೋಣೆ ಗುಡಿಸಿದರೆ ಪಕ್ಕದ ಕೋಣೆಯ ಕಸ ಕಣ್ಣು ಚುಚ್ಚುತ್ತದಲ್ಲ, ಹಾಗೆ.

ನನ್ನ ಗಂಡ ಹಲ್ಲುಜ್ಜುತ್ತ ಬಂದು ಹಿಂದೆ ನಿಂತು ನೋಡಿದ. ಹೀಗೆ ಎಲ್ಲ ನೀನೇ ಹಿಡಿದರೆ ಬರುವವರು ಏನು ತಿನ್ನಬೇಕು ಎಂದು ಕೇಳಿದ. ಕಲ್ಲಿನ ಹಿಂದೆ ಸಾವಿರ ಇವೆ, ನಿನ್ನ ಲಿಫ್ಟ್ ನೀನು ನೋಡಿಕೋ ಎಂದೆ. ಅವನು ಬಾಯಿ ಮುಕ್ಕಳಿಸಲು ಹೋದ. ಸಾವಿರ ಇವೆ ಎಂದು ನಾನು ನಿಜವಾಗಿಯೂ ನಂಬಿದ್ದೆ. ಹಲ್ಲಿನ ಸೆಟ್ಟಿನಲ್ಲಿ ಕೂದಲೆಳೆ ಅಳೆಯುವವಳು ಕಲ್ಲಿನ ಹಿಂದೆ ಒಮ್ಮೆ ಟಾರ್ಚ್ ಹಾಕಿ ನೋಡಲಿಲ್ಲ.

ಒಪ್ಪಿಸುವ ದಿನ ಎಲ್ಲರೂ ಬಂದರು. ಟ್ಯಾಂಕ್ ಹೊಸ ಪಾತ್ರೆಯ ಹಾಗೆ ಮಿರಮಿರ ಮಿಂಚುತ್ತಿತ್ತು. ಮೇಷ್ಟ್ರು ಬಾಯ್ತುಂಬ ಹೊಗಳಿದರು. ಎಲೆಕ್ಟ್ರಿಷಿಯನ್ನನ ಹೆಂಡತಿ ಮೂಲೆ ಮೂಲೆ ನೋಡಿ, ತುಂಬಾ ಚೆನ್ನಾಗಿಟ್ಟಿದೀರ ಎಂದಳು. ಅದರಲ್ಲಿ ಕೊಂಕಿರಲಿಲ್ಲ. ನನಗೆ ಹಿಗ್ಗಾಯಿತು. ದೊಡ್ಡಪ್ಪ ಟವೆಲ್ ಸುತ್ತಿದ ಪೆಟ್ಟಿಗೆ ಇಳಿಸಿ, ಟ್ಯೂಬಿಗೆ ಗಂಟು ಹಾಕಿ ನಮ್ಮ ಟ್ಯಾಂಕಿನ ನೀರು ತೊಟ್ಟು ತೊಟ್ಟಾಗಿ ಪೆಟ್ಟಿಗೆಗೆ ಬೀಳುವಂತೆ ಮಾಡಿದರು. ಹೊಸ ನೀರು ಸಿಗಡಿಗೆ ಒಗ್ಗಬೇಕಾದರೆ ಎರಡು ಗಂಟೆ ಬೇಕು. ಆ ಎರಡು ಗಂಟೆಯೂ ಅವರು ಭೂತಗನ್ನಡಿ ಹಾಕಿಕೊಂಡು ಟ್ಯಾಂಕ್ ನೋಡುತ್ತಿದ್ದರು. ಕಡೆಗೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು.

"ಚುಕ್ಕಿ ಎಲ್ಲಮ್ಮಾ?"

"ಹಗಲು ಹೊತ್ತು ಹಿಂದೆ ಅಡಗಿರ್ತವೆ ದೊಡ್ಡಪ್ಪ. ಲೈಟ್ ಆರಿದ ಮೇಲೆ ಬರ್ತವೆ."

ಅವರು ಹೂಂ ಎಂದರು. ಭೂತಗನ್ನಡಿ ತೆಗೆದು ಜೇಬಿಗೆ ಹಾಕಿಕೊಂಡರು. ಜೋಡಿಯನ್ನು ಒಳಗೆ ಬಿಟ್ಟೆವು. ಎರಡೂ ಕೈಗಳನ್ನು ಬೀಸುತ್ತ ಕಲ್ಲಿನ ಮೇಲೆ ನಡೆದು ಸಂದಿಯೊಳಗೆ ಹೋದವು.

ಮೊದಲ ಎರಡು ದಿನ ಅವು ಏನೋ ತಿಂದವು. ಒಂದು ಚುಕ್ಕಿಯನ್ನು ಹೆಣ್ಣು ಮಗುಚಿ ಹಿಡಿದದ್ದನ್ನು ನಾನೇ ನೋಡಿದೆ. ಆಮೇಲೆ ಅದೂ ಕಾಣಲಿಲ್ಲ. ಬುಧವಾರ ಬೆಳಿಗ್ಗೆ ಟಾರ್ಚ್ ಹಿಡಿದು ಕಲ್ಲಿನ ಹಿಂದೆ, ಪಂಪಿನ ಅಡಿಗೆ, ಮರಳಿನ ಅಂಚಿಗೆ ಹುಡುಕಿದೆ. ಸಿಕ್ಕಿದ್ದು ಮೂರು. ಮೂರನ್ನೂ ಅವುಗಳ ಮುಂದೆ ಇಟ್ಟೆ, ಮುಗಿಯಿತು. ಗುರುವಾರ ಹುಡುಕಿದೆ, ಒಂದು. ಸಾವಿರ ಎಂದುಕೊಂಡಿದ್ದೆನಲ್ಲ, ಆ ಸಾವಿರವೂ ನನ್ನ ಚೊಂಬಿನಲ್ಲೇ ಮುಗಿದು ಸಿಂಕಿಗೆ ಹೋಗಿತ್ತು.

ಮೀನಿನ ಅಂಗಡಿಯವನಿಗೆ ಫೋನ್ ಮಾಡಿ ದೊಡ್ಡ ನಕ್ಷತ್ರಮೀನು ಇದೆಯಾ ಎಂದು ಕೇಳಿದೆ. ದೊಡ್ಡದು ಒಂದಿದ್ದರೆ ಒಂದೊಂದೇ ಕೈ ತಿಂದುಕೊಂಡು ಜೋಡಿ ತಿಂಗಳು ಕಳೆಯುತ್ತದೆ. ಮುಂದಿನ ವಾರ ಮಾಲು ಬರುತ್ತದೆ ಎಂದ. ಮುಂದಿನ ವಾರ ಎಂದರೆ ಯಾವಾಗ ಎಂದು ಕೂಗಾಡಿದೆ. ಮುಂದಿನ ವಾರ ಎಂದರೆ ಮುಂದಿನ ವಾರ ಎಂದು ಫೋನಿಟ್ಟ.

ಭಾನುವಾರ ಹನ್ನೊಂದಕ್ಕೆ ಬೆಲ್ಲಾಯಿತು. ದೊಡ್ಡಪ್ಪ ಕೂತು ನೋಡಿದರು. ಗಂಡು ಒಂದು ಕಡೆ, ಹೆಣ್ಣು ಒಂದು ಕಡೆ ಕೂತಿದ್ದವು. ತಿನ್ನುತ್ತಿವೆಯಾ ಎಂದು ಕೇಳಿದರು. ತಿನ್ನುತ್ತಿವೆ ಎಂದೆ. ಅವರು ಪುಸ್ತಕದಲ್ಲಿ ಏನೋ ಬರೆದುಕೊಂಡರು. ಆ ದಿನ ಚಹಾ ಪೂರ್ತಿ ಲೋಟ ಕುಡಿದರು, ಇನ್ನೂ ಹತ್ತು ನಿಮಿಷ ಹೆಚ್ಚೇ ಕೂತರು. ಅವರು ಎದ್ದು ಹೋದರೆ ಸಾಕಪ್ಪಾ ಎಂದು ನಾನು ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಿದ್ದೆ.

ಅವರು ಹೋದ ಮೇಲೆ ನನ್ನ ಗಂಡ ಪೇಪರಿನಿಂದ ತಲೆಯೆತ್ತದೆ ಹೇಳಿದ, "ಮೂರು ಮನೇಲಿ ಆ ಹುಳ ಬೇಡ ಬೇಡ ಅಂದ್ರೂ ಬಿದ್ದಿವೆ. ಒಂದು ಡಬ್ಬ ತಗೊಂಡ್ ಹೋಗಿ ಕೇಳು."

ಅದು ನನಗೂ ಗೊತ್ತಿತ್ತು. ಗೊತ್ತಿದ್ದರಿಂದಲೇ ಅವನ ಮೇಲೆ ರೇಗಿದೆ. ಕೇಳಬೇಕಾದರೆ ಹೇಳಬೇಕು. ಫೋಟೋ ಕಳಿಸಿ, ಅತ್ತು ಕರೆದು, ಒಬ್ಬಳ ಸರದಿ ಕಿತ್ತುಕೊಂಡವಳು, ಮನೆಗೆ ಬರುವವರ ಮುಂದೆ ಮಾನ ಹೋಗಬಾರದೆಂದು ಬರುವವರ ಊಟವನ್ನೇ ಸಿಂಕಿಗೆ ಸುರಿದೆ ಎಂದು ಹೇಳಬೇಕು. ಅದೂ ಯಾರ ಹತ್ತಿರ? ಎಲೆಕ್ಟ್ರಿಷಿಯನ್ನನ ಮನೆಯಲ್ಲಿ ಚುಕ್ಕಿಯೇ ಉಳಿದಿರಲಿಲ್ಲ. ಮೇಷ್ಟ್ರಿಗೆ ಹೇಳಿದರೆ ಊರಿಗೆಲ್ಲ ಡಂಗುರ. ಉಳಿದವಳು ಅಕ್ಕ. ಅವಳ ಸರದಿಯನ್ನೇ ನಾನು ಕಿತ್ತುಕೊಂಡಿದ್ದು.

ಸೋಮವಾರ ಹೋಗೋಣ ಎಂದುಕೊಂಡೆ, ಹೋಗಲಿಲ್ಲ. ಮಂಗಳವಾರ ಲ್ಯಾಬಿನಲ್ಲಿ ಕೆಲಸ ಹೆಚ್ಚು ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಬುಧವಾರ ಅಂಗಡಿಗೆ ಹೋಗಿಬಂದೆ, ಮಾಲು ಬಂದಿರಲಿಲ್ಲ. ಗುರುವಾರ ಅಕ್ಕನ ಬೀದಿಯ ತಿರುವಿನವರೆಗೆ ಹೋಗಿ, ಅವಳ ಮನೆ ಕಿಟಕಿಯಲ್ಲಿ ಟ್ಯಾಂಕಿನ ನೀಲಿ ಬೆಳಕು ನೋಡಿ, ತಿರುಗಿ ಬಂದೆ. ಈ ನಾಲ್ಕು ದಿನಗಳನ್ನು ನಾನು ಯಾರ ಮೇಲೂ ಹೊರಿಸಲಾರೆ.

ಶುಕ್ರವಾರ ಬೆಳಿಗ್ಗೆ ಮರಳಿನ ಮೇಲೆ ಗಂಡಿನ ಖಾಲಿ ಚಿಪ್ಪು ಬಿದ್ದಿತ್ತು. ಸಿಗಡಿಗಳು ಬೆಳೆಯುವಾಗ ಹೀಗೆ ಮೈಯ ಹೊರಕವಚ ಕಳಚುತ್ತವೆ. ಮೊದಲಿಗೆ ಸಂತೋಷವೇ ಆಯಿತು. ಆಮೇಲೆ ಕಲ್ಲಿನಡಿಯಲ್ಲಿ ಅದನ್ನು ಕಂಡೆ. ಮೆತ್ತಗೆ, ಒಂದು ಪಕ್ಕಕ್ಕೆ ಒರಗಿ, ಕಾಲುಗಳನ್ನು ಮಾತ್ರ ಅಲ್ಲಾಡಿಸುತ್ತಿತ್ತು. ಚಿಪ್ಪು ಕಳಚಿದ ಸಿಗಡಿಗೆ ಹೊಸ ಚಿಪ್ಪು ಗಟ್ಟಿಯಾಗಬೇಕಾದರೆ ಹೊಟ್ಟೆಯಲ್ಲಿ ಏನಾದರೂ ಇರಬೇಕು. ಅದರ ಹೊಟ್ಟೆಯಲ್ಲಿ ಎಂಟು ದಿನದಿಂದ ಏನೂ ಇರಲಿಲ್ಲ. ಲ್ಯಾಬಿಗೆ ಫೋನ್ ಮಾಡಿ ಬರುವುದಿಲ್ಲ ಎಂದೆ. ಡಬ್ಬ ತೆಗೆದುಕೊಂಡು ಅಕ್ಕನ ಮನೆಗೆ ನಡೆದೆ.

ಅವಳು ಬಾಗಿಲಲ್ಲೇ ನನ್ನ ಮುಖ ನೋಡಿ ಒಳಗೆ ಕರೆದಳು. ನಾನು ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಚಿಮಟ, ಚೊಂಬು, ಸಿಂಕು, ಸುಳ್ಳು, ಎಲ್ಲ. ಅವಳು ಬೈಯುತ್ತಾಳೆ ಎಂದು ಕಾದೆ, ಬೈದಿದ್ದರೆ ನಾನೂ ಎರಡು ಮಾತು ಆಡಬಹುದಿತ್ತು. ಅವಳು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ತೋಳು ಮೇಲೇರಿಸಿ ಟ್ಯಾಂಕಿಗೆ ಕೈ ಹಾಕಿದಳು.

"ಹೊಟ್ಟೆಗಿಲ್ದೆ ಬಿದ್ದಿರೋದು ಅವು. ನಿನ್ನ ಮರ್ಯಾದೆ ಆಮೇಲೆ ನೋಡ್ಕೊಳ್ಳೋಣ, ಬಾ, ಹಿಡಿ."

ಇಬ್ಬರೂ ಸೇರಿ ಅರವತ್ತು ಚುಕ್ಕಿ ಹಿಡಿದೆವು. ಅವಳ ಗುಂಡಿಹವಳದ ಮೇಲೂ ಅವು ಕೂತಿದ್ದವು, ಅರ್ಧಕ್ಕರ್ಧ ಹವಳ ಸತ್ತು ಬರಿಯ ಬುಡ ಉಳಿದಿತ್ತು. ನನ್ನದಕ್ಕಿಂತ ಅವಳದೇ ಹೆಚ್ಚು ಹಾಳಾಗಿತ್ತು. ಇದನ್ನ್ಯಾಕೆ ಮೊದಲೇ ಹೇಳಲಿಲ್ಲ ಎಂದು ಕೇಳಿದೆ. ನೀನು ಅಷ್ಟು ಗೋಗರೀತಿದ್ದೆಯಲ್ಲ ಎಂದಳು. ಹೊರಡುವಾಗ ಒಂದೇ ಮಾತು ಹೇಳಿದಳು: ದೊಡ್ಡಪ್ಪನಿಗೆ ನೀನೇ ಹೇಳಬೇಕು, ನನ್ನ ಬಾಯಿಂದ ಹೋಗುವುದಿಲ್ಲ.

ನಾನು ಮನೆ ಸೇರುವ ಹೊತ್ತಿಗೆ ಗಂಡು ಸತ್ತಿತ್ತು. ಹೆಣ್ಣು ಅದರ ಪಕ್ಕದಲ್ಲಿ ನಿಂತಿತ್ತು. ಮುಂದೆ ಒಂದು ಚುಕ್ಕಿ ಇಟ್ಟೆ. ಸ್ವಲ್ಪ ಹೊತ್ತು ಹಾಗೇ ಇದ್ದು, ಆಮೇಲೆ ಎತ್ತಿಕೊಂಡಿತು. ಮಗುಚಲು ಜೊತೆಗಾರನಿಲ್ಲದೆ ಎರಡು ಸಲ ಕೈತಪ್ಪಿ ಮೂರನೇ ಸಲಕ್ಕೆ ಮಗುಚಿತು. ನಾನು ನೆಲದ ಮೇಲೆ ಕೂತು ಅತ್ತೆ. ಉಗುರಿನಷ್ಟು ಸಿಗಡಿಗೆ ಯಾರಾದರೂ ಅಳುತ್ತಾರಾ ಎಂದು ಕೇಳುವವರು ಕೇಳಲಿ. ಗುರುವಾರ ಆ ತಿರುವಿನಿಂದ ಇನ್ನು ಇಪ್ಪತ್ತು ಹೆಜ್ಜೆ ಹಾಕಿದ್ದರೆ ಅದು ಬದುಕುತ್ತಿತ್ತು.

ಭಾನುವಾರ ಬೆಲ್ಲು ಬಾರಿಸಿದಾಗ ಬಾಗಿಲು ತೆಗೆದವಳೇ, ಅವರು ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟೆ. ಗಂಡು ಹೋಯಿತು ದೊಡ್ಡಪ್ಪ, ತಪ್ಪು ನನ್ನದು. ಅವರು ಒಳಗೆ ಬಂದು ಕೂತರು. ಉಳಿದದ್ದನ್ನು ಹೇಳುವಾಗ ಕೇಳುತ್ತಲೇ ಭೂತಗನ್ನಡಿ ಸಿಕ್ಕಿಸಿಕೊಂಡು ಹೆಣ್ಣನ್ನು ಹುಡುಕಿ ನೋಡಿದರು.

"ನಂಗೆ ಮೊದಲ ದಿನವೇ ಗೊತ್ತಾಗಿತ್ತಮ್ಮ" ಎಂದರು. "ಕಲ್ಲಿನ ಮೇಲಿನ ನೇರಳೆ ಪಾಚಿ ಮೇಲೆಲ್ಲ ಚಿಮಟದ ಗೆರೆ. ವಾಚ್ ಯಾರೋ ಮೊದಲೇ ಬಿಚ್ಚಿದಾರೆ ಅಂತ ಸ್ಕ್ರೂ ನೋಡಿದ್ರೆ ಗೊತ್ತಾಗುತ್ತಲ್ಲ, ಹಾಗೆ."

ನನಗೆ ರಕ್ತ ಕುದಿಯಿತು. ಎರಡು ವಾರದಿಂದ ಒಬ್ಬಳೇ ಹೊತ್ತಿದ್ದ ಭಾರವನ್ನು ಇನ್ನೊಬ್ಬರ ತಲೆಗೆ ದಾಟಿಸಲು ಸಿಕ್ಕ ಅವಕಾಶ ಅದು, ಬಿಡುತ್ತೇನೆಯೇ? ಗೊತ್ತಿದ್ದೂ ಸುಮ್ಮನಿದ್ದಿರಾ, ನಿಮ್ಮದೇ ಜೋಡಿ, ಒಂದು ಮಾತು ಆಡಿದ್ದರೆ ಎರಡೂ ಉಳಿಯುತ್ತಿರಲಿಲ್ಲವೇ ಎಂದು ದನಿಯೇರಿಸಿದೆ. ಒಳಗಿನಿಂದ ನನ್ನ ಗಂಡ ಬಂದು ಬಾಗಿಲಲ್ಲಿ ನಿಂತ.

ದೊಡ್ಡಪ್ಪ ಭೂತಗನ್ನಡಿ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. ನನ್ನ ಕಡೆ ನೋಡಲಿಲ್ಲ.

"ಆವತ್ತು ಹೇಳಿದ್ರೆ ಪೆಟ್ಟಿಗೆ ಎತ್ಕೊಂಡು ಎದ್ದು ಹೋಗ್ಬೇಕಿತ್ತು, ಅಷ್ಟು ಜನರ ಮುಂದೆ. ಆಮೇಲೆ ಈ ಮನೆ ಬಾಗಿಲು ನಂಗೆ ತೆರೀತಿತ್ತಾ? ನಂಗಿರೋದು ನಾಲ್ಕು ಬಾಗಿಲು, ಅಮ್ಮ. ಒಂದು ಕಳ್ಕೊಳ್ಳೋಕೆ ಮನಸ್ಸಾಗ್ಲಿಲ್ಲ. ನೀನೇ ಹೇಗೋ ಸರಿ ಮಾಡ್ತೀಯ ಅಂದ್ಕೊಂಡೆ."

ಮಗಳ ಮನೆಯಲ್ಲಿ ಐದು ಜನ, ಭಾನುವಾರ ಎಲ್ಲರೂ ಮನೆಯಲ್ಲಿರುತ್ತಾರೆ, ಎರಡು ಕೋಣೆ. ಆ ದಿನ ಹೊರಗೆ ಹೋಗಲು ಅವರಿಗೊಂದು ಕೆಲಸ ಬೇಕಿತ್ತು. ನಾನು ನನ್ನ ಮುಖ ಉಳಿಸಿಕೊಳ್ಳಲು ಸುಳ್ಳು ಹೇಳಿದೆ, ಅವರು ಬರಲೊಂದು ಮನೆ ಉಳಿಸಿಕೊಳ್ಳಲು ಆ ಸುಳ್ಳನ್ನು ಒಪ್ಪಿಕೊಂಡರು. ಇಬ್ಬರ ಮರ್ಯಾದೆಯ ನಡುವೆ ಆ ಗಂಡು ಸಿಗಡಿ ಹಸಿವಿನಿಂದ ಸತ್ತಿತು. ಚಹಾ ಮಾಡುತ್ತೇನೆ ಎಂದೆ. ಬೇಡ ಎಂದರು. ಪೆಟ್ಟಿಗೆ ತಂದಿರಲಿಲ್ಲ, ನನ್ನ ಗಂಡ ಮುಚ್ಚಳದ ಡಬ್ಬವೊಂದನ್ನು ತೊಳೆದುಕೊಟ್ಟ. ಹೆಣ್ಣನ್ನೂ ಮಿಕ್ಕ ಚುಕ್ಕಿಗಳನ್ನೂ ಅದರಲ್ಲಿ ತೆಗೆದುಕೊಂಡು ಮೂವರೂ ಅಕ್ಕನ ಮನೆಗೆ ನಡೆದುಕೊಂಡೇ ಹೋದೆವು.

ಅಕ್ಕನ ಮನೆಯಲ್ಲಿ ಹೆಣ್ಣು ಹದಿನೆಂಟು ದಿನ ಇತ್ತು. ತಿನ್ನುತ್ತಿತ್ತು, ಓಡಾಡುತ್ತಿತ್ತು. ಹತ್ತೊಂಬತ್ತನೆಯ ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು. ಚಿಪ್ಪು ಕಳಚುವಾಗ ಅರ್ಧಕ್ಕೆ ಸಿಕ್ಕಿಕೊಂಡು ಹೋಯಿತಂತೆ. ವಯಸ್ಸಾಗಿತ್ತು ಎಂದು ಅವಳು ನನಗೆ ಸಮಾಧಾನ ಹೇಳಿದಳು. ವಯಸ್ಸಾಗಿದ್ದೂ ಇರಬಹುದು. ಉಪವಾಸ ಬಿದ್ದದ್ದೂ ಇರಬಹುದು. ಇದನ್ನು ಇನ್ನು ಯಾವ ಭೂತಗನ್ನಡಿಯೂ ನನಗೆ ತೋರಿಸುವುದಿಲ್ಲ.

ಗುಂಪಿನಲ್ಲಿ ನಾನೇ ಎಲ್ಲ ಬರೆದೆ. ಎಲೆಕ್ಟ್ರಿಷಿಯನ್ನನ ಹೆಂಡತಿಯ ಹೆಸರು ಹಿಡಿದು ಕ್ಷಮೆ ಕೇಳಿದೆ, ಚರಂಡಿ ಎಂದದ್ದಕ್ಕೂ ಸೇರಿಸಿ. ಅವಳು ಒಂದು ನಗುವ ಮುಖ ಕಳಿಸಿದಳು. ಅದರ ಅರ್ಥ ಏನೆಂದು ನನಗೆ ಈಗಲೂ ತಿಳಿದಿಲ್ಲ. ಹೊಸ ಜೋಡಿ ತರಿಸೋಣ ಎಂದು ಮೇಷ್ಟ್ರು ಹೇಳಿದರು. ದೊಡ್ಡಪ್ಪ ಬೇಡ ಎಂದರು. ಎರಡು ಬೇರೆ ಬೇರೆ ಸಿಗಡಿಗಳನ್ನು ಜೋಡಿ ಮಾಡುವುದು ತಿಂಗಳುಗಟ್ಟಲೆಯ ಕೆಲಸ, ಒಂದನ್ನೊಂದು ಕೊಂದೂ ಹಾಕಬಹುದು, ಅದಕ್ಕೆ ಸ್ವಂತ ಟ್ಯಾಂಕ್ ಬೇಕು, ನನ್ನ ಹತ್ತಿರ ಇಲ್ಲವಲ್ಲ ಎಂದರು. ಅವರವರ ಚುಕ್ಕಿ ಅವರವರೇ ಚಿಮಟದಲ್ಲಿ ತೆಗೆದುಕೊಳ್ಳುವುದೆಂದು ತೀರ್ಮಾನವಾಯಿತು. ಸರದಿ ಅಲ್ಲಿಗೆ ನಿಂತಿತು.

ಒಂದು ಭಾನುವಾರ ಹೋಯಿತು. ಹನ್ನೊಂದಕ್ಕೆ ನಾನು ಸುಮ್ಮನೆ ಬಾಗಿಲ ಕಡೆ ನೋಡಿದೆ. ಅಕ್ಕನಿಗೆ ಫೋನ್ ಮಾಡಿ ದೊಡ್ಡಪ್ಪ ಬಂದಿದ್ದಾರಾ ಎಂದು ಕೇಳಿದೆ. ಇಲ್ಲ, ಬನ್ನಿ ಅಂತ ಹೇಳಿದ್ದೆ, ನೋಡೋಕೇನಿದೆ ಅಂದರು ಎಂದಳು. ಎರಡನೆಯ ಭಾನುವಾರವೂ ಹಾಗೇ ಹೋಯಿತು. ಮೂರನೆಯ ವಾರ ನನ್ನ ಗಂಡ ಅವರನ್ನು ಬಸ್ ಸ್ಟಾಪಿನಲ್ಲಿ ಕಂಡನಂತೆ. ಬೆಂಚಿನ ಮೇಲೆ ಕೂತಿದ್ದರಂತೆ. ಎಲ್ಲಿಗೆ ಹೊರಟಿದ್ದೀರಿ ಎಂದರೆ ಎಲ್ಲಿಗೂ ಇಲ್ಲ, ಗಾಳಿಗೆ ಎಂದರಂತೆ. ಭಾನುವಾರ, ಹನ್ನೊಂದೂಕಾಲು.

ಶನಿವಾರ ಸಂಜೆ ಫೋನ್ ಮಾಡಿದೆ. ಅವರ ಮೊಮ್ಮಗಳು ಎತ್ತಿ, ತಾತಾ ನಿಮಗೆ ಎಂದು ಕೂಗಿದಳು. ಅವರು ಫೋನಿಗೆ ಬಂದವರೇ ಟ್ಯಾಂಕಿಗೇನಾದರೂ ಆಯಿತಾ ಎಂದು ಕೇಳಿದರು. ಏನೂ ಆಗಿಲ್ಲ ಎಂದೆ. ಪಂಪು? ಸರಿಯಾಗಿದೆ. ಚುಕ್ಕಿ ಮತ್ತೆ ಬಂತಾ? ಇಲ್ಲ, ಒಂದೂ ಇಲ್ಲ, ನೋಡೋಕೆ ಏನೂ ಇಲ್ಲ ದೊಡ್ಡಪ್ಪ ಎಂದೆ.

"ನಾಳೆ ಮನೆಗೆ ಬನ್ನಿ."

"ಏನಕ್ಕಮ್ಮ?"

ಎಲ್ಲದಕ್ಕೂ ನಾಲಿಗೆ ತುದಿಯಲ್ಲಿ ಉತ್ತರ ಇಟ್ಟುಕೊಂಡವಳು ನಾನು. ಏನಾದರೂ ಒಂದು ಕೆಲಸ ಹುಟ್ಟಿಸಿ ಹೇಳಬಹುದಿತ್ತು. ಆದರೆ ಅವರಿಗೆ ಇನ್ನೊಂದು ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ಸುಮ್ನೆ" ಎಂದೆ.

ಆ ಕಡೆ ಮಕ್ಕಳ ಗಲಾಟೆ, ಟಿವಿ ಸದ್ದು. ಆಮೇಲೆ, ಹೊಸ ಕೆಲಸಕ್ಕೆ ಸೇರುವವರು ಕೇಳುವಷ್ಟು ಗಂಭೀರವಾಗಿ ಕೇಳಿದರು.

"ಸುಮ್ನೆ ಅಂದ್ರೆ, ಎಷ್ಟು ಗಂಟೆಗೆ ಬರ್ಬೇಕಮ್ಮ?"